ಹೊರಗೆ ಬರುವ ದಾರಿ ಮೊದಲು ಕೇಳಿದ ಅತ್ತಿಗೆ

ನನ್ನ ಅತ್ತಿಗೆಗೆ, ಅಂದರೆ ಅಣ್ಣನ ಹೆಂಡತಿಗೆ, ಹಿಂದೆ ಕೆಲಸ ಮಾಡುತ್ತಿದ್ದ ಲೆಕ್ಕಪತ್ರದ ಆಫೀಸಿನಲ್ಲಿ 'ತಾಳೆ ಮೇಡಂ' ಎಂದೇ ಹೆಸರು. ಯಾರು ಯಾವ ಲೆಕ್ಕ ತಂದು ಮೇಜಿನ ಮೇಲೆ ಇಟ್ಟರೂ ಅವರ ಮೊದಲ ಮಾತು "ತಾಳೆ ಆಯ್ತಾ?" ಎಂಬುದೇ. ಮನೆಯಲ್ಲೂ ಅದೇ ಚಾಳಿ. ಒಗೆದ ಕಾಲುಚೀಲ ಮಡಚುವಾಗ ಒಂದು ಒಂಟಿಯಾಗಿ ಉಳಿದರೆ ಮಂಚದ ಕೆಳಗೆ ತೆವಳಿಯಾದರೂ ಇನ್ನೊಂದನ್ನು ಹುಡುಕಿ ತರುತ್ತಾರೆ.

"ನನ್ನ ಮದುವೆ ಆಗೋಕೆ ಮುಂಚೆ ತಾಳೆ ನೋಡಿರಲಿಲ್ವಾ?" ಎಂದು ಅಣ್ಣ ಆಗಾಗ ಕೆಣಕುತ್ತಾನೆ.

"ನೋಡಿದ್ದೆ ಕಣ್ರೀ. ವ್ಯತ್ಯಾಸ ಬಂತು. ಆದ್ರೂ ಸಹಿ ಹಾಕ್ದೆ" ಎನ್ನುತ್ತಾರೆ ಅತ್ತಿಗೆ, ತಲೆ ಎತ್ತದೆ.

ಅವರ ತಂದೆ ಧಾನ್ಯದ ಗೋದಾಮಿನಲ್ಲಿ ತೂಕ ಹಾಕುತ್ತಿದ್ದವರು. ಆ ಮನೆಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ಅತ್ತಿಗೆಯೇ ಮೊದಲಿಗರು. ನಮ್ಮ ಮನೆಯಲ್ಲಿ ನಾನು. ಅಣ್ಣ ಹತ್ತನೆಯ ತರಗತಿಗೆ ಪುಸ್ತಕ ಮುಚ್ಚಿ ಬಸ್ಸಿನ ಸ್ಟೇರಿಂಗ್ ಹಿಡಿದವನು. ಹೀಗಾಗಿ ಹೊಸ ಕೆಲಸಕ್ಕೆ ಕೈ ಹಾಕುವಾಗ ನನಗೂ ಅತ್ತಿಗೆಗೂ ಒಂದೇ ಭಯ. ಬಿದ್ದರೆ ಎತ್ತಲು ಹಿಂದೆ ಯಾರೂ ಇಲ್ಲ. ಈ ಭಯದಿಂದಲೇ ಅವರು ಒಂದೇ ಆಫೀಸಿನ ಒಂದೇ ಕುರ್ಚಿಯಲ್ಲಿ ಅರ್ಧ ಆಯಸ್ಸು ಕಳೆದರು. ಪಾಲುದಾರರಾಗಿ ಬಾಗಿಲ ಬೋರ್ಡಿನಲ್ಲಿ ತಮ್ಮ ಹೆಸರೂ ಇರಲಿ ಎಂದು ಕೇಳಿದಾಗಲೆಲ್ಲ ಆ ಆಫೀಸು ನಡೆಸುತ್ತಿದ್ದ ಹಿರಿಯರು "ಮುಂದಿನ ವರ್ಷ ನೋಡೋಣಮ್ಮ" ಎನ್ನುತ್ತಿದ್ದರು. ಅವರನ್ನು ಎಲ್ಲರೂ 'ದೊಡ್ಡ ಸಾರ್' ಎನ್ನುತ್ತಿದ್ದರು. ಕೆಟ್ಟವರಲ್ಲ. ಆದರೆ ಅವರ ಮುಂದಿನ ವರ್ಷ ಎಂದಿಗೂ ಬರಲಿಲ್ಲ. ಕೊನೆಗೆ ಅತ್ತಿಗೆಯೇ ರಾಜೀನಾಮೆ ಕೊಟ್ಟು ಹೊರಬಂದರು. ನಾನೂ ಸಹಕಾರ ಸಂಘದ ಕೌಂಟರ್ ಕೆಲಸ ಬಿಟ್ಟು ಅವರು ಸ್ವಂತಕ್ಕೆ ತೆರೆಯಲಿದ್ದ ಲೆಕ್ಕದ ಕಚೇರಿಗೆ ಪಾಲುದಾರಳಾದೆ.

"ಕುರ್ಚಿ ಹಾಗೇ ಇಟ್ಟಿರ್ತೀನಮ್ಮ, ಯಾವಾಗ ಬೇಕಾದ್ರೂ ವಾಪಸ್ ಬಾ" ಎಂದು ದೊಡ್ಡ ಸಾರ್ ಬೀಳ್ಕೊಟ್ಟರು. ಒಳ್ಳೆಯ ಮಾತೇ. ಆದರೆ ಅತ್ತಿಗೆಗೆ ಅದು ಅಂಗಾಲಿನಲ್ಲಿ ಮುರಿದ ಮುಳ್ಳಿನ ಹಾಗೆ ಒಳಗೇ ಉಳಿಯಿತು.

ಗಾಜು ಕತ್ತರಿಸುವ ಅಂಗಡಿಯ ಮೇಲಿನ ಕೋಣೆ ಬಾಡಿಗೆಗೆ ಸಿಕ್ಕಿತು. ಎರಡು ಮೇಜು, ಒಂದು ಕಬ್ಬಿಣದ ಬೀರು, ಬಸ್ ಡಿಪೋದ ಗೋಡೆಗೆ ಮುಖ ಮಾಡಿದ ಒಂದು ಕಿಟಕಿ. ಕೆಳಗೆ ಗಾಜು ಕೊಯ್ಯುವ ಕಿರ್ ಸದ್ದು ಬಂದಾಗಲೆಲ್ಲ ನನ್ನ ಹಲ್ಲು ಜುಂ ಎನ್ನುತ್ತಿತ್ತು. ಅತ್ತಿಗೆಗೆ ಅದು ಕೇಳಿಸುತ್ತಲೇ ಇರಲಿಲ್ಲ. ಲೆಕ್ಕ ಬರೆಸುವವರನ್ನು ನಮ್ಮ ಕಸುಬಿನಲ್ಲಿ 'ಪಾರ್ಟಿ' ಎನ್ನುತ್ತಾರೆ. ಹಳೆಯ ಆಫೀಸಿನಿಂದ ಅತ್ತಿಗೆಯನ್ನು ಹುಡುಕಿಕೊಂಡು ಬಂದ ಪಾರ್ಟಿಗಳು ಬೆರಳೆಣಿಕೆಯಷ್ಟು. ಕ್ಷೌರದಂಗಡಿಯವರು, ಕನ್ನಡಕದಂಗಡಿಯಮ್ಮ, ಡ್ರೈವಿಂಗ್ ಶಾಲೆಯವರು, ಹೀಗೆ ಸಣ್ಣಪುಟ್ಟವರು. ದೊಡ್ಡದೆಂದರೆ ಪ್ರಿಂಟಿಂಗ್ ಪ್ರೆಸ್ಸಿನ ಯಜಮಾನರದು. ನಮ್ಮ ಅರ್ಧ ಕೆಲಸ ಅವರೊಬ್ಬರದೇ. ಅವರೊಬ್ಬರು ಕೈಬಿಟ್ಟರೆ ಕೋಣೆಯ ಬೀಗದಕೈ ಮಾಲೀಕರಿಗೆ ಕೊಟ್ಟು ಅತ್ತಿಗೆ ಹಳೆಯ ಕುರ್ಚಿಗೆ ಹೋಗಿ ಕೂರಬೇಕು. ಇದು ನಮ್ಮಿಬ್ಬರಿಗೂ ಗೊತ್ತಿತ್ತು. ಬಾಯಿ ಬಿಟ್ಟು ಆಡುತ್ತಿರಲಿಲ್ಲ, ಅಷ್ಟೆ.

ಮೊದಲ ಪೆಟ್ಟು ಬಿದ್ದದ್ದು ಹಳೆಯ ಆಫೀಸಿನಿಂದ ಈ ಪಾರ್ಟಿಗಳ ಲೆಕ್ಕ ತರಿಸಿಕೊಳ್ಳುವಾಗ. ದೊಡ್ಡ ಸಾರ್ ಕೊಡಲು ಒಪ್ಪಿದರೂ ಅವರ ಸಾಫ್ಟ್‌ವೇರ್ ಒಪ್ಪಲಿಲ್ಲ. ಒಳಗೆ ಹೋಗಲು ಹೆಬ್ಬಾಗಿಲು, ಹೊರಗೆ ಬರಲು ಸೂಜಿಯ ಕಣ್ಣು. ಬರಿಯ ಕಾಗದದ ಕಂತೆಯಾಗಿ ಮಾತ್ರ ಹೊರಬಂತು. ಅಷ್ಟನ್ನೂ ನಾವಿಬ್ಬರು ಕೂತು ಮತ್ತೆ ಕೈಯಿಂದ ಕಂಪ್ಯೂಟರಿಗೆ ತುಂಬಿಸಿದೆವು. ಒಬ್ಬರು ಓದುವುದು, ಒಬ್ಬರು ಕುಟ್ಟುವುದು. ನನ್ನ ಗಂಟಲು ಕಟ್ಟಿತು, ಅತ್ತಿಗೆಯ ಮಣಿಕಟ್ಟು ಊದಿತು. ಆಗಲೇ ಅವರು ಹೇಳಿದ್ದರು, "ಗಡಿಬಿಡಿ, ನಾವು ತಗೊಳ್ಳೋ ಸಾಫ್ಟ್‌ವೇರು ಏನು ಮಾಡುತ್ತೆ ಅಂತ ಆಮೇಲೆ ಕೇಳೋಣ. ಬಿಟ್ಟು ಹೋಗೋದು ಹೇಗೆ ಅಂತ ಮೊದಲು ಕೇಳೋಣ." ಗಡಿಬಿಡಿ ಎಂದರೆ ನಾನು. ಮನೆಯಲ್ಲಿ ಇಟ್ಟ ಹೆಸರು, ಸುಳ್ಳೂ ಅಲ್ಲ.

ಸಾಫ್ಟ್‌ವೇರ್ ಮಾರಲು ಮೊದಲು ಬಂದವರು ಟೈ ಕಟ್ಟಿಕೊಂಡಿದ್ದರು. ಪರದೆಯ ಮೇಲೆ ಬಣ್ಣಬಣ್ಣದ ಗ್ರಾಫುಗಳು ಮೇಲೇಳುತ್ತ ಇಳಿಯುತ್ತ ಇದ್ದವು. ನನಗಂತೂ ಮನಸ್ಸು ಹೋಯಿತು. ಅತ್ತಿಗೆ ಎಲ್ಲವನ್ನೂ ನೋಡಿ, "ಚೆನ್ನಾಗಿದೆ. ಒಂದು ವರ್ಷ ಬಿಟ್ಟು ನಮಗೆ ಬೇಡ ಅನ್ನಿಸಿದ್ರೆ, ನಮ್ಮ ಲೆಕ್ಕ ಹೊರಗೆ ಹೇಗೆ ಬರುತ್ತೆ?" ಎಂದರು.

ಅವರು ನಕ್ಕರು. "ನಮ್ಮನ್ನ ಇದುವರೆಗೂ ಯಾರೂ ಬಿಟ್ಟು ಹೋಗಿಲ್ಲ ಮೇಡಂ."

"ಇಲಿಬೋನು ಮಾರೋನೂ ಹೀಗೇ ಹೇಳ್ತಾನೆ" ಎಂದರು ಅತ್ತಿಗೆ.

ಎರಡನೆಯವರು ಫೋನಿನಲ್ಲೇ ವಿವರಿಸಿದ ಹೆಣ್ಣುಮಗಳು. ಜೇನಿನಂಥ ದನಿ. ಲೆಕ್ಕ ಹೊರಗೆ ಬರುತ್ತದೆ, ಆದರೆ ಅರ್ಜಿ ಕೊಡಬೇಕು, ಬೇರೆ ಶುಲ್ಕ ಕಟ್ಟಬೇಕು, ಬಂದದ್ದನ್ನು ತೆರೆಯಲು ಮತ್ತೆ ಅವರದೇ ಸಾಫ್ಟ್‌ವೇರ್ ಬೇಕು ಎಂದರು. ಅತ್ತಿಗೆ ವಂದನೆ ಹೇಳಿ ಫೋನು ಇಟ್ಟು, "ಗಂಡನ ಮನೆ ಬಿಟ್ಟು ಬರಬಹುದಂತೆ, ಆದ್ರೆ ಗಂಡನ್ನೂ ಕರ್ಕೊಂಡು ಬರಬೇಕಂತೆ" ಎಂದು ಮುಂದಿನ ಕೆಲಸಕ್ಕೆ ಕೈ ಹಾಕಿದರು.

ಮೂರನೆಯವರು ದಪ್ಪ ಆಸಾಮಿ. ಮೆಟ್ಟಿಲು ಹತ್ತಿ ಬಂದವರೇ ಕುರ್ಚಿಯ ಬೆನ್ನು ಹಿಡಿದು ಸುಧಾರಿಸಿಕೊಂಡು ಮೊದಲು ನೀರು ಕೇಳಿದರು. ಅವರ ಪರದೆಯಲ್ಲಿ ಬಣ್ಣವೇ ಇರಲಿಲ್ಲ.

"ಬರೋಕೆ ಮುಂಚೆನೇ ಹೋಗೋ ಮಾತಾ ಮೇಡಂ?" ಎಂದರು, ಅತ್ತಿಗೆಯ ಅದೇ ಪ್ರಶ್ನೆ ಕೇಳಿಸಿಕೊಂಡು.

"ಹೋಗೋಕಾಗಲ್ಲ ಅಂತ ಗೊತ್ತಾದ್ರೆ ಬರೋದೇ ಇಲ್ಲ."

"ಹಾಗಾದ್ರೆ ನೋಡಿ. ಪಾರ್ಟಿಯ ಫೈಲು ತೆಗೀರಿ, ಇಲ್ಲಿ 'ಮುಕ್ತಾಯ' ಅಂತಿದೆಯಲ್ಲ, ಒತ್ತಿ. ಪೂರ್ತಿ ಲೆಕ್ಕ ಹೊರಗೆ ಬರುತ್ತೆ. ಯಾರ ಸಾಫ್ಟ್‌ವೇರಿಗೆ ಬೇಕಾದ್ರೂ ಹಾಕ್ಕೊಳ್ಳಿ. ನನ್ನ ಮಾತು ನಂಬಬೇಡಿ, ಮಾಡಿ ನೋಡಿ. ಒಂದು ತಿಂಗಳು ಪುಕ್ಕಟೆ ಬಿಟ್ಟಿರ್ತೀನಿ."

ನಂಬಬೇಡಿ ಎಂದದ್ದು ಅತ್ತಿಗೆಗೆ ಹಿಡಿಸಿತು.

ಪರೀಕ್ಷೆಗೆ ಸುಳ್ಳು ಹೆಸರು, ಸುಳ್ಳು ಅಂಕಿ ಹಾಕೋಣ ಎಂದು ನಾನು ಹೇಳಿದೆ. ಅವರು ಒಪ್ಪಲಿಲ್ಲ. "ಸುಳ್ಳು ಲೆಕ್ಕಕ್ಕೆ ಸುಳ್ಳು ಉತ್ತರವೇ ಬರೋದು. ನಮ್ಮ ಪಾರ್ಟಿಗಳದ್ದೇ ಹಾಕು." ಹಾಕಿದೆವು. ಹೆಸರು, ವಿಳಾಸ, ಫೋನ್ ನಂಬರು, ಒಂದೂ ಬಿಡದ ಹಾಗೆ. ಎಲ್ಲ ಸರಿಯಾಗಿ ಕೂತ ಮೇಲೆ ಒಂದು ಬೆಳಿಗ್ಗೆ ಅತ್ತಿಗೆ ಕನ್ನಡಕ ಒರೆಸಿಕೊಂಡು, ಸೆರಗು ಸಿಕ್ಕಿಸಿಕೊಂಡು ಕೂತು, ಒಂದೊಂದೇ ಪಾರ್ಟಿಯ ಫೈಲು ತೆರೆದು ಮುಕ್ತಾಯ ಒತ್ತಿದರು. ಹೊರಗೆ ಬಂದ ಲೆಕ್ಕವನ್ನು ಕಾಗದದ ಕಂತೆಯ ಜೊತೆ ಹಿಡಿದು ನೋಡಿದರು. ಕ್ಷೌರದಂಗಡಿ ಸರಿ. ಕನ್ನಡಕದಂಗಡಿ ಸರಿ. ಪ್ರೆಸ್ಸಿನದು ಉದ್ದ ಲೆಕ್ಕ, ನಾಲ್ಕು ಯಂತ್ರಗಳ ಸವಕಳಿ, ಕಾಗದದ ದಾಸ್ತಾನು, ಎಲ್ಲ ಇದೆ. ಅದೂ ಸರಿ.

"ತಾಳೆ ಆಯ್ತು ಕಣೇ! ಒಂದು ಕಾಳೂ ಉದುರಿಲ್ಲ!" ಎಂದು ಮೇಜು ಬಡಿದರು. ರಾಜೀನಾಮೆ ಕೊಟ್ಟ ಮೇಲೆ ಅವರು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಚಹಾ ತರಿಸೋಣ ಎಂದುಕೊಳ್ಳುವಷ್ಟರಲ್ಲಿ ಫೋನು ಬಡಿದುಕೊಂಡಿತು.

ಕ್ಷೌರದಂಗಡಿಯವರು. "ಮೇಡಂ, ನಾನೇನು ತಪ್ಪು ಮಾಡ್ದೆ?"

"ಯಾಕೆ, ಏನಾಯ್ತು?"

"ಏನಾಯ್ತು ಅಂತ ನನ್ನೇ ಕೇಳ್ತೀರಲ್ಲ! ಬಿಲ್ಲು ಕೊಡೋದು ತಡ ಆಯ್ತು, ಒಪ್ಕೋತೀನಿ. ಅದಕ್ಕೆ ಹೀಗೆ ಮೆಸೇಜಲ್ಲಿ ಕೈ ಬಿಡೋದಾ? ಎದುರಿಗೆ ಕೂರಿಸ್ಕೊಂಡು ನಾಲ್ಕು ಬೈದಿದ್ರೆ ಆಗ್ತಿತ್ತು!"

ಅತ್ತಿಗೆಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಮೇಲೆ ದುಡುದುಡು ಸದ್ದಾಗಿ ಕನ್ನಡಕದಂಗಡಿಯಮ್ಮ ಬಂದರು. ಕೈಯಲ್ಲಿ ಬಾಯಿ ಕಟ್ಟಿದ ಚೀಲ. ಅದನ್ನು ಮೇಜಿನ ಮೇಲೆ ಸುರಿದೇಬಿಟ್ಟರು.

"ತಗೋಮ್ಮ, ನೀನು ಕೇಳಿ ಕೇಳಿ ಸಾಕಾದ ಬಿಲ್ಲುಗಳು. ಎಲ್ಲಾ ಇವೆ. ಒಂದು ಕರೆಂಟ್ ಬಿಲ್ಲು ನಾಯಿ ಹರಿದುಹಾಕಿತ್ತು, ಅದನ್ನೂ ಅಂಟಿಸಿ ತಂದಿದೀನಿ. ನನ್ನ ಮಾತ್ರ ಬಿಡಬೇಡ. ಈ ವಯಸ್ಸಲ್ಲಿ ಹೊಸಬರ ಹತ್ರ ಹೋಗಿ ನನ್ನ ಪುರಾಣ ಮೊದಲಿಂದ ಹೇಳಕ್ಕಾಗಲ್ಲ!"

"ಬಿಡ್ತೀನಿ ಅಂತ ಯಾರಮ್ಮ ಹೇಳಿದ್ದು?"

ಅವರು ಫೋನು ಮುಂದೆ ಹಿಡಿದರು. ಅದರಲ್ಲಿ ಹೀಗಿತ್ತು: 'ಮಾನ್ಯರೇ, ನಮ್ಮಲ್ಲಿ ನಿಮ್ಮ ಕಡತವನ್ನು ಮುಕ್ತಾಯಗೊಳಿಸಲಾಗಿದೆ. ಇಷ್ಟು ದಿನ ನಮ್ಮೊಡನೆ ಇದ್ದುದಕ್ಕೆ ವಂದನೆಗಳು.' ಕೆಳಗೆ ನಮ್ಮ ಕಚೇರಿಯ ಹೆಸರು, ಮುಗಿದ ಕೈಗಳ ಚಿತ್ರ.

ಅತ್ತಿಗೆಯ ಮುಖ ಸುಣ್ಣವಾಯಿತು. ಎಲ್ಲ ಪಾರ್ಟಿಗಳಿಗೂ, ಒಬ್ಬರನ್ನೂ ಬಿಡದೆ, ನಾವೇ ಕೈಯಾರೆ ಬಾಗಿಲು ತೋರಿಸಿದ್ದೆವು. ದಪ್ಪ ಆಸಾಮಿಗೆ ಫೋನು ಮಾಡಿದರೆ ಅವರು, "ಅಯ್ಯೋ ಮೇಡಂ, ಆ ಗುಂಡಿ ಕೆಳಗೆ ಚಿಕ್ಕ ಚೌಕ ಇದೆಯಲ್ಲ, 'ಪಾರ್ಟಿಗೆ ತಿಳಿಸಿ' ಅಂತ. ಅದಕ್ಕೆ ಟಿಕ್ ಮೊದಲೇ ಹಾಕಿರುತ್ತೆ. ತೆಗೀಬೇಕಿತ್ತು" ಎಂದರು. ನೋಡಿದೆವು. ಇತ್ತು. ಇರುವೆ ಸಾಲಿನಂಥ ಅಕ್ಷರದಲ್ಲಿ. ಪ್ರತಿ ಸಲ ಅದರ ಮೇಲಿನ ಗುಂಡಿಯನ್ನೇ ಒತ್ತಿದ್ದೆವು.

ಎಲ್ಲರಿಗೂ ಫೋನು ಮಾಡಲು ಕೂತೆವು. ಅಷ್ಟರಲ್ಲಿ ನನಗೊಂದು ಬುದ್ಧಿ ಹೊಳೆಯಿತು. "ಅತ್ತಿಗೆ, ತಿಂಗಳುಗಟ್ಟಲೆ ಗೋಗರೆದರೂ ಬಾರದ ಬಿಲ್ಲುಗಳು ತಾವಾಗಿ ಬರ್ತಾ ಇವೆ. ಇವತ್ತೊಂದು ದಿನ ಸುಮ್ನಿದ್ದುಬಿಡೋಣ. ನಾಳೆ 'ಹೋಗ್ಲಿ, ಕ್ಷಮಿಸಿದ್ದೀವಿ' ಅನ್ನೋಣ."

"ಹೆದರಿಸಿ ತರಿಸಿದ ಬಿಲ್ಲು ಒಂದು ತಿಂಗಳು ಬರುತ್ತೆ ಕಣೇ. ಆಮೇಲೆ ಪಾರ್ಟಿನೇ ಬರಲ್ಲ" ಎಂದು ಅತ್ತಿಗೆ ನಂಬರು ಒತ್ತಿದರು. ಒಬ್ಬೊಬ್ಬರಿಗೂ ಇದ್ದದ್ದು ಇದ್ದಂತೆ ಹೇಳಿದರು. ಹೊಸ ಸಾಫ್ಟ್‌ವೇರ್ ಪರೀಕ್ಷೆ ಮಾಡುತ್ತಿದ್ದೆ, ಕಣ್ತಪ್ಪಿನಿಂದ ಹೋಯಿತು, ನನ್ನ ತಪ್ಪು. ವಿಚಿತ್ರವೆಂದರೆ ಒಬ್ಬರೂ ಕೋಪಿಸಿಕೊಂಡಿರಲಿಲ್ಲ. ಎಲ್ಲರೂ ತಪ್ಪು ತಮ್ಮದೇ ಎಂದುಕೊಂಡು ಕೂತಿದ್ದರು. ಡ್ರೈವಿಂಗ್ ಶಾಲೆಯವರು ಲೆಕ್ಕಕ್ಕೆ ತೋರಿಸದೆ ಹಳೆಯ ಕಾರು ಮಾರಿದ ವಿಷಯ ನಮಗೆ ಗೊತ್ತಾಗಿಹೋಗಿದೆ ಎಂದು ತಿಳಿದು, ಕೇಳುವ ಮೊದಲೇ ಅದನ್ನು ಒಪ್ಪಿಸಿಬಿಟ್ಟರು.

ಪ್ರೆಸ್ಸಿನ ಯಜಮಾನರು ಮಾತ್ರ ಫೋನು ಎತ್ತಲಿಲ್ಲ. ಮತ್ತೆ ಮಾಡಿದೆವು. ಎತ್ತಲಿಲ್ಲ. ಅತ್ತಿಗೆ ಎದ್ದು ಚಪ್ಪಲಿ ಮೆಟ್ಟಿದರು.

ಪ್ರೆಸ್ಸು ಎರಡು ಬೀದಿ ಆಚೆ. ಯಂತ್ರಗಳು ಓಡುತ್ತಿದ್ದವು, ಶಾಯಿಯ ವಾಸನೆ ಬಾಗಿಲಿಗೇ ಬಂದು ಮೂಗಿಗೆ ಹೊಡೆಯುತ್ತಿತ್ತು. ಯಜಮಾನರ ಕುರ್ಚಿ ಖಾಲಿ. ಹಾಳೆ ಕತ್ತರಿಸುತ್ತಿದ್ದ ಮೇಸ್ತ್ರಿ ನಮ್ಮನ್ನು ನೋಡಿ ಯಂತ್ರ ನಿಲ್ಲಿಸಿದರು.

"ಅದೇನೋ ಮೆಸೇಜ್ ನೋಡಿ ತುಂಬಾ ಹೊತ್ತು ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ರು ಮೇಡಂ. ಆಮೇಲೆ ಫೈಲೆಲ್ಲಾ ಕಟ್ಕೊಂಡು ನಿಮ್ಮ ಹಳೇ ದೊಡ್ಡ ಸಾರ್ ಇದಾರಲ್ಲ, ಅವರ ಆಫೀಸಿಗೆ ಅಂತ ಹೋದ್ರು. ಫೋನ್ ಇಲ್ಲೇ ಮರೆತಿದಾರೆ ನೋಡಿ." ಮೇಜಿನ ಮೇಲಿದ್ದ ಫೋನಿನಲ್ಲಿ ನಮ್ಮ ಕರೆಗಳು ಸಾಲಾಗಿ ಬಿದ್ದಿದ್ದವು.

ಹೊರಗೆ ಬಂದು ಅತ್ತಿಗೆ ಗೋಡೆಗೆ ಒರಗಿ ನಿಂತರು. "ಮುಗೀತು ಬಿಡು" ಎಂದರು. ಅಳಲಿಲ್ಲ. ಸೆರಗು ಸರಿಮಾಡಿಕೊಂಡು, "ನಡಿ, ಅಲ್ಲಿಗೆ ಹೋಗೋಣ" ಎಂದರು.

"ಅಲ್ಲಿ ಹೋಗಿ ಏನಂತೀರಿ? ದೊಡ್ಡ ಸಾರ್ ಮುಂದೆ?"

"ಕೈತಪ್ಪಿ ಆಯ್ತು ಅಂತೀನಿ. ವಾಪಸ್ ಬನ್ನಿ ಅಂತ ಕೇಳಲ್ಲ. ನಾನು ಅವರನ್ನ ದೂಡಿಲ್ಲ ಅಂತ ಅವರಿಗೆ ಗೊತ್ತಾಗಬೇಕು. ಆಮೇಲೆ ಅವರಿಷ್ಟ."

ಕೆಲಸ ಬಿಟ್ಟ ಮೇಲೆ ಅತ್ತಿಗೆ ಆ ಬೀದಿಗೆ ಕಾಲಿಟ್ಟಿರಲಿಲ್ಲ. ಬಸ್ಸಿನಲ್ಲಿ ಹೋಗುವಾಗಲೂ ಆ ಕಡೆಯ ಕಿಟಕಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಅವತ್ತು ನೇರ ನಡೆದು, ಗಾಜಿನ ಬಾಗಿಲು ತಳ್ಳಿ, ಯಾರನ್ನೂ ಕೇಳದೆ ದೊಡ್ಡ ಸಾರ್ ಕೋಣೆಗೇ ಹೋದರು. ನಾನು ಹಿಂದೆ. ಯಜಮಾನರು ಅಲ್ಲೇ ಇದ್ದರು. ಫೈಲುಗಳ ಗಂಟನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅತ್ತಿಗೆಯನ್ನು ಕಂಡದ್ದೇ ಗಂಟಿನ ಸಮೇತ ಎದ್ದು ನಿಂತರು.

ದೊಡ್ಡ ಸಾರ್ ಕುರ್ಚಿಗೆ ಒರಗಿ, "ಬಾರಮ್ಮ ಬಾ. ನಿನ್ನ ಪಂಚಾಯ್ತಿನೇ ನಡೀತಾ ಇದೆ" ಎಂದರು. "ಇವರು ಗಂಟು ಹೊತ್ಕೊಂಡು ಬಂದ್ರಲ್ಲ, ಹಳೇ ಪಾರ್ಟಿ ಮನೆಗೆ ವಾಪಸ್ ಬಂತು ಅಂತ ಖುಷಿಯಾಗಿ ಕಾಫಿ ತರಿಸ್ದೆ. ಕಾಫಿ ಕುಡಿದು ಏನು ಕೇಳಿದ್ರು ಗೊತ್ತಾ? ನಿನಗೆ ನಾನು ಶಿಫಾರಸು ಮಾಡಬೇಕಂತೆ!"

"ಶಿಫಾರಸಾ?"

"ಹೂಂ. ನೀನು ಇವರನ್ನ ಕೈಬಿಟ್ಟಿದ್ದೀಯಂತೆ. ನಿನ್ನ ಹತ್ರ ಇಷ್ಟು ವರ್ಷ ಕೆಲಸ ತಗೊಂಡೋನು ನಾನು, ನನ್ನ ಮಾತು ನೀನು ತೆಗೆದುಹಾಕಲ್ಲವಂತೆ. ಆಹಾ, ನನ್ನ ಆಫೀಸಲ್ಲಿ ಕೂತು, ನನ್ನ ಕಾಫಿ ಕುಡಿದು!"

ಯಜಮಾನರು ತಲೆ ತಗ್ಗಿಸಿ ಹೇಳಿದರು, "ಮೇಡಂ, ಬೆಳಿಗ್ಗೆಯಿಂದ ಯೋಚನೆ ಮಾಡ್ತಾ ಇದೀನಿ. ಲೆಕ್ಕದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಕೊನೆಗೆ ಹೊಳೀತು. ಮೊನ್ನೆ ಕಾಗದದ ಅಂಗಡಿಯವರ ಹತ್ರ ನಿಮ್ಮ ಬಗ್ಗೆ, 'ಆ ಯಮ್ಮ ಕೆಲಸದಲ್ಲಿ ಚಿನ್ನ, ಬಾಯಿ ಮಾತ್ರ ಗರಗಸ' ಅಂದಿದ್ದೆ. ಅದು ನಿಮ್ಮ ಕಿವಿಗೆ ಬಿತ್ತು ಅಂತ ಕಾಣುತ್ತೆ. ಬಾಯಿ ತಪ್ಪಿ ಬಂತು. ಮನಸಲ್ಲಿ ಇಟ್ಕೋಬೇಡಿ."

ಅತ್ತಿಗೆ ಹತ್ತಿರದ ಕುರ್ಚಿಯಲ್ಲಿ ಕುಸಿದು ಕೂತು ನಗತೊಡಗಿದರು. ನಗುತ್ತ ನಗುತ್ತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹೇಳಲು ಹೋದರೆ ಮತ್ತೆ ನಗು ಉಕ್ಕುತ್ತಿತ್ತು. ಕೊನೆಗೆ ನಾನೇ ಪರೀಕ್ಷೆ, ಪೂರ್ತಿ ಹೊರಬಂದ ಲೆಕ್ಕ, ಗುಂಡಿ, ಚೌಕ, ಟಿಕ್ಕು, ಎಲ್ಲವನ್ನೂ ವಿವರಿಸಬೇಕಾಯಿತು.

"ಗುಂಡಿನಾ?" ಎಂದರು ಯಜಮಾನರು. ಗಂಟನ್ನು ಮೇಜಿನ ಮೇಲೆ ಇಟ್ಟು ದೊಡ್ಡ ಉಸಿರು ಬಿಟ್ಟರು. "ಅಲ್ಲಾ ಮೇಡಂ, ಹಾಗಿದ್ರೆ ಗರಗಸದ ಮಾತು ನಿಮಗೆ ಗೊತ್ತೇ ಇರಲಿಲ್ವಾ? ಸುಮ್ನೆ ನಾನೇ ಬಾಯಿಬಿಟ್ನಾ!"

"ಬಿಟ್ರಿ. ಈಗ ಗರಗಸಕ್ಕೆ ನಿಮ್ಮ ಬಾಕಿ ಕಾಗದಗಳೆಲ್ಲ ಬೇಕು. ಗಂಟಲ್ಲಿ ಇವೆಯಾ?"

"ಒಂದೂ ಬಿಟ್ಟಿಲ್ಲ."

ದೊಡ್ಡ ಸಾರ್ ಕೆಮ್ಮು ಬರುವ ತನಕ ನಕ್ಕರು. ನಗು ನಿಂತ ಮೇಲೆ ದನಿ ತಗ್ಗಿಸಿ, "ಅಮ್ಮಾ, ಒಂದು ಮಾತು. ಲೆಕ್ಕ ಪೂರ್ತಿ ಹೊರಗೆ ಬಂತು ಅಂದಳಲ್ಲ ಇವಳು, ನಿಜವಾಗ್ಲೂ ಬಂತಾ? ನಾನು ಈ ನಮ್ಮ ಸಾಫ್ಟ್‌ವೇರ್ ಬಿಡಬೇಕು ಅಂತ ಎರಡು ವರ್ಷದಿಂದ ಒದ್ದಾಡ್ತಾ ಇದೀನಿ. ಅದು ನನ್ನನ್ನ ಬಿಡ್ತಾ ಇಲ್ಲ" ಎಂದರು.

"ಬಂತು ಸಾರ್. ಆದ್ರೆ ಕೆಳಗಿನ ಚೌಕ ನೋಡ್ಕೊಳ್ಳಿ" ಎಂದು ಅತ್ತಿಗೆ ಏಳುತ್ತ, ದಪ್ಪ ಆಸಾಮಿಯ ನಂಬರನ್ನು ಅವರ ಮೇಜಿನ ಕಾಗದದ ಮೇಲೆ ಬರೆದುಕೊಟ್ಟರು. ಅವರೂ ಹಳೆಯ ಕುರ್ಚಿಯ ಮಾತು ಎತ್ತಲಿಲ್ಲ, ಇವರೂ ಎತ್ತಲಿಲ್ಲ. ದೊಡ್ಡ ಸಾರ್ ಬಾಗಿಲ ತನಕ ಬಂದು ಕಳಿಸಿಕೊಟ್ಟರು.

ಮಧ್ಯಾಹ್ನ ದಪ್ಪ ಆಸಾಮಿ ತಾವೇ ಓಡಿಬಂದರು. ಬೈಗುಳ ತಿನ್ನಲು ಸಿದ್ಧರಾಗಿ ಬಂದಂತಿತ್ತು. ಅತ್ತಿಗೆ ನೀರು ಕೊಟ್ಟು, "ಒಂದು ವರ್ಷಕ್ಕೆ ಎಷ್ಟಾಗುತ್ತೆ, ಬಿಲ್ಲು ಮಾಡಿ" ಎಂದರು.

"ನಮ್ಮದೇ ತಗೋತೀರಾ?" ಅವರಿಗೆ ನಂಬಿಕೆಯಾಗಲಿಲ್ಲ. ನನಗೂ ಆಗಲಿಲ್ಲ. ಆ ಬಣ್ಣದ ಗ್ರಾಫಿನ ಆಸೆ ನನ್ನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು.

"ನಾನು ಪರೀಕ್ಷೆ ಮಾಡಿದ್ದು ಲೆಕ್ಕ ಹೊರಗೆ ಬರುತ್ತಾ ಅಂತ. ಬಂತು. ತೊಂದರೆ ಮಾಡಿದ್ದು ನಾನು ಓದದೆ ಬಿಟ್ಟ ಒಂದು ಸಾಲು. ಓದದೆ ಇರೋಳು ಯಾವ ಸಾಫ್ಟ್‌ವೇರ್ ತಗೊಂಡ್ರೂ ಅಷ್ಟೇ. ಆದ್ರೆ ಆ ಟಿಕ್ಕನ್ನ ಮೊದಲೇ ಹಾಕಿಡಬೇಡಿ ಅಂತ ನಿಮ್ಮೋರಿಗೆ ಹೇಳಿ. ಎಲ್ಲರ ಪಾರ್ಟಿಗಳೂ ನಮ್ಮ ಪಾರ್ಟಿಗಳ ಹಾಗೆ ಇರಲ್ಲ."

ಅವರು ಹೋದ ಮೇಲೆ ನಾವಿಬ್ಬರೂ ಮೇಜಿನ ಮೇಲಿನ ರಾಶಿ ನೋಡಿದೆವು. ಕನ್ನಡಕದಂಗಡಿಯಮ್ಮನ ಚೀಲ, ಪ್ರೆಸ್ಸಿನ ಗಂಟು, ಕ್ಷೌರದಂಗಡಿಯವರು ಕಳಿಸಿದ ಬಿಸ್ಕತ್ತಿನ ಡಬ್ಬಿ ತುಂಬ ಬಿಲ್ಲು. ಎಲ್ಲವನ್ನೂ ವಿಂಗಡಿಸುವಷ್ಟರಲ್ಲಿ ಕೆಳಗೆ ಗಾಜಿನಂಗಡಿಯ ಬಾಗಿಲು ಎಳೆದ ಸದ್ದಾಯಿತು.

ಮನೆಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕಿತು. ಅತ್ತಿಗೆ ಯಾವತ್ತೂ ಬಸ್ಸಿನಲ್ಲಿ ನಿದ್ದೆ ಮಾಡುವವರಲ್ಲ, ಕೊಟ್ಟ ಚಿಲ್ಲರೆಯನ್ನು ಎರಡು ಸಲ ನೋಡಿ, ನಿಲ್ದಾಣಗಳನ್ನು ಎಣಿಸುತ್ತ ಕೂರುವವರು. ಅವತ್ತು ಎರಡನೇ ತಿರುವು ದಾಟುವ ಮೊದಲೇ ಅವರ ತಲೆ ನನ್ನ ಹೆಗಲ ಮೇಲೆ ಬಿತ್ತು. ಬಾಯಿ ತುಸು ತೆರೆದಿತ್ತು, ಸಣ್ಣಗೆ ಗೊರಕೆಯೂ ಬರುತ್ತಿತ್ತು. ನಮ್ಮ ನಿಲ್ದಾಣ ಬಂತು. ಕಂಡಕ್ಟರ್ ನನ್ನ ಮುಖ ನೋಡಿದರು, ನಾನು ಬೇಡ ಎಂದು ತಲೆಯಾಡಿಸಿದೆ. ಮುಂದಿನ ನಿಲ್ದಾಣದಿಂದ ಹಿಂದಕ್ಕೆ ನಡೆದರಾಯಿತು ಎಂದುಕೊಂಡು ಹೆಗಲನ್ನು ಅಲುಗಿಸದೆ ಕೂತೆ.